ಅತಿ ದೂರದಿಂದ ಬಂದವರಿಗೆ

ಹಡಗಿನ ಹೊಟ್ಟೆಯಲ್ಲಿ ಲಾರಿಗಳ ಸಾಲಿನ ಪಕ್ಕ
ನಮ್ಮ ಏಳು ಗಾಡಿ.
ಎಣ್ಣೆ ಮೆತ್ತಿದ ಕಬ್ಬಿಣದ ನೆಲ, ಕಾಲಿಟ್ಟರೆ ಜಾರು.
ಹಗ್ಗ ಎಸೆದು ಹೋದ ಹುಡುಗ, ಕಟ್ಟುವುದು ನಮ್ಮ ಪಾಡು.
ಸೀಟಿನ ಮೇಲೆ ಟವೆಲ್ ಮಡಿಸಿಟ್ಟು ಬಿಗಿದೆವು,
ಕೂಸಿಗೆ ಉಡಿದಾರ ಕಟ್ಟುವ ಹಾಗೆ:
ಒತ್ತಲೂಬಾರದು, ಜಾರಲೂಬಾರದು.

ಡೆಸ್ಮಂಡ್ ಥ್ವೇಟ್ ರಾತ್ರಿ ಎರಡು ಸಲ ಎದ್ದು
ಕೆಳಗೆ ಹೋಗಲು ನೋಡಿದ. ಬಾಗಿಲಿಗೆ ಬೀಗ.
"ಅದೊಂದೇ ಇದೆಯಲ್ಲ, ಕತ್ತಲಲ್ಲಿ" ಎಂದ.
ಹೆಂಡತಿ ಮುಸುಕೆಳೆದುಕೊಂಡಳು.

ಬೆಳಿಗ್ಗೆ ಹಡಗು ಬಾಯಿ ತೆರೆದಾಗ ಹಾಲೆಂಡ್.
ಮೊದಲು ಬೆಳಕು, ಆಮೇಲೆ ಪಾಸ್‌ಪೋರ್ಟಿನವನು,
ಆಮೇಲೆ ರಸ್ತೆಯ ತಪ್ಪು ಮಗ್ಗುಲು.
ಟ್ಯಾಂಕಿನ ಮೇಲೆ ಹಳದಿ ಟೇಪಿನ ಬಾಣ ಅಂಟಿಸಿದ್ದೆ:
ಬಲಕ್ಕೆ, ಮುದುಕಾ, ಬಲಕ್ಕೆ.
ಹಲ್ ಊರಿನಲ್ಲಿ ಐವತ್ತು ವರ್ಷ ಎಡಕ್ಕೇ ಓಡಿದ ಮೈ
ಒಂದು ಬಾಣದ ಮಾತು ಕೇಳುತ್ತದೆಯೇ?

ಗಾಡಿ ನನಗಿಂತ ಆರು ವರ್ಷ ದೊಡ್ಡದು.
ಹೆತ್ತ ಕಾರ್ಖಾನೆಯ ಜಾಗದಲ್ಲಿ ಈಗ ಸೋಫಾ ಅಂಗಡಿ.
ಒದ್ದರೆ ಏಳುವುದಿಲ್ಲ, ಬೇಡಿಕೊಂಡರೆ ಏಳುತ್ತದೆ,
ಎದ್ದ ಮೇಲೆ ದುಡುಕ್
                    ದುಡುಕ್
ಎರಡು ಬಡಿತದ ನಡುವೆ
ಒಂದು ಬೇಲಿ ಕಳೆಯುತ್ತದೆ, ಒಂದು ಹಸು ತಲೆಯೆತ್ತುತ್ತದೆ.

ಡ್ರೆಂತೆಯಲ್ಲಿ ರೂಲೊಫನ ಆಲೂಗೆಡ್ಡೆ ಹೊಲದಂಚಿನ ಹುಲ್ಲುಗಾವಲು.
ಅರುವತ್ತು ಡೇರೆ, ಎರಡು ಕಕ್ಕಸು.
ಡೇನರು, ಜರ್ಮನರು, ಗೆಂಟಿನಿಂದ ಬಂದ ಅಪ್ಪ ಮಗಳು.
ಮಾತು ಬಾರದ ಕಡೆ ಕೈ ಮುಂದಾಗುತ್ತದೆ:
ಇಷ್ಟು ಸವೆದಿದೆ ಎಂದು ಉಗುರು,
ಕೂದಲೆಳೆ ಸಂದು ಬಿಡು ಎಂದು ಎರಡು ಬೆರಳು,
ಉಫ್ ಎಂದು ಊದು ಎಂದು ತುಟಿ.
ಗ್ಯಾಸ್ಕೆಟ್ ಎನ್ನುವುದು ಮಾತ್ರ ಎಲ್ಲರಿಗೂ ಗೊತ್ತು.
ಬೈಗುಳವೂ.

ಶನಿವಾರ ರಾತ್ರಿ ಬಹುಮಾನ.
ಅತಿ ದೂರದಿಂದ ಬಂದವರಿಗೆ
ಹಲಗೆಗೆ ಹೊಡೆದ ಒಂದು ಸುಟ್ಟ ಪಿಸ್ಟನ್.
ಒಂಬತ್ತನೇ ವರ್ಷವೂ ಔಲು ಊರಿನ ಓಸ್ಸಿ ಕೆಟ್ಟುನೆನ್.
ಮಾತಿಲ್ಲ, ನಗುವಿಲ್ಲ, ಪಿಸ್ಟನ್ನಿಗೆ ಒಂದು ಮುತ್ತು.
ನಾವು ಚಪ್ಪಾಳೆ ತಟ್ಟುತ್ತಾ ಹಲ್ಲು ಕಡಿದೆವು.
ಭೂಪಟದ ಮುಂದೆ ಯಾರ ಆಟ ನಡೆಯುತ್ತದೆ?

ಭಾನುವಾರ ಡೇರೆ ಸುತ್ತುವ ಹೊತ್ತಿಗೆ
ಕಾಲುವೆಯ ದಾರಿಯಲ್ಲಿ ಒಬ್ಬಳು
ಗಾಡಿ ತಳ್ಳಿಕೊಂಡು ಬಂದಳು.
ಗೇಸ್ಯೆ, ಎಪ್ಪತ್ತೊಂದು, ಪಕ್ಕದ ಹಳ್ಳಿ, ನಾಲ್ಕೇ ಕಿಲೋಮೀಟರು.
ಅಪ್ಪನ ಗಾಡಿ; ಕೊಟ್ಟಿಗೆಯಲ್ಲಿ ಕೋಳಿ ಮೊಟ್ಟೆಯಿಡುತ್ತಿತ್ತಂತೆ ಅದರ ಮೇಲೆ.
ಆರು ಚಳಿಗಾಲ ಬಿಚ್ಚಿ ಜೋಡಿಸಿದಳಂತೆ.
ಶುಕ್ರವಾರ ಬೆಳಿಗ್ಗೆಯೇ ಹೊರಟವಳು:
ನಿಂತಿತು, ತಳ್ಳಿ ಮನೆಗೆ. ಮತ್ತೆ ಹೊರಟಳು,
ನಿಂತಿತು, ತಳ್ಳಿ ಮನೆಗೆ.
"ಇವತ್ತು ಮನೆ ಕಡೆ ತಳ್ಳಲಿಲ್ಲ, ಅಷ್ಟೇ."

ಎಲ್ಲರೂ ಓಸ್ಸಿಯ ಕಡೆ ನೋಡಿದೆವು.
ಹಲಗೆ ಆಗಲೇ ಅವನ ಚೀಲದೊಳಗೆ; ಅರ್ಧ ಇಣುಕುತ್ತಿತ್ತು.
ಅದನ್ನು ಕೊಡಲಿಲ್ಲ. ಅಷ್ಟೇನೂ ದೊಡ್ಡ ಮನಸ್ಸಿನವನಲ್ಲ.
ಒಳಕ್ಕೆ ತುರುಕಿ, ಕೈಯಾಡಿಸಿ,
ಕಾಲುಚೀಲದಲ್ಲಿ ಸುತ್ತಿಟ್ಟ ಸ್ಪಾರ್ಕ್ ಪ್ಲಗ್ ತೆಗೆದ.
ಮೊಣಕಾಲೂರಿದ. ಹಳೆಯದನ್ನು ಮೂಸಿ ನೋಡಿ ಹುಲ್ಲಿಗೆ ಎಸೆದ.

ಮೂರನೇ ಒದೆತಕ್ಕೆ ಹೊಗೆ.
ಐದನೆಯದಕ್ಕೆ ದುಡುಕ್.
ಗೇಸ್ಯೆ ಹುಲ್ಲುಗಾವಲಿಗೆ ಒಂದು ಸುತ್ತು ಹಾಕಿದಳು
ಗೂಟ ಕಿತ್ತ ಡೇರೆಗಳ ನಡುವೆ, ನಮ್ಮ ಚಹಾದ ಕೆಟಲಿನ ಪಕ್ಕ.
ನಿಲ್ಲಿಸಿದರೆ ಮತ್ತೆ ಏಳುತ್ತದೋ ಇಲ್ಲವೋ ಎಂದೋ ಏನೋ
ಕೈಯೆತ್ತದೆ, ಹಿಂದೆ ನೋಡದೆ
ಬಂದ ದಾರಿಯಲ್ಲೇ ಹೊರಟು ಹೋದಳು.

"ಇನ್ನೊಂದು ಪ್ಲಗ್ ಇದೆಯಾ?" ಎಂದೆ ಓಸ್ಸಿಗೆ.
ತಲೆಯಲ್ಲಾಡಿಸಿದ, ಇಲ್ಲ.
ಮುಂದೆ ಸಾವಿರಾರು ಕಿಲೋಮೀಟರು, ಎರಡು ಸಮುದ್ರ.
ಹೆಲ್ಮೆಟ್ಟಿನ ಬಕಲು ಹಾಕಿಕೊಂಡ.

ನಮಗೆ ಹಡಗು ತಪ್ಪುವ ಹೊತ್ತಾಗಿತ್ತು.
ಗೇಟು ದಾಟಿ, ಅವಳ ಸದ್ದು ಎತ್ತ ಹೋಯಿತೆಂದು ಕಿವಿಗೊಡುತ್ತಾ
ಮೊದಲ ತಿರುವಿನಲ್ಲೇ ನಾನು
ಎಡಕ್ಕೆ ಹೋದೆ.